ಕ್ಯಾಂಪರ್ ಬಾಗಿಲು ಕಿರ್ ಅಂದರೆ ಯಾವ ಎಣ್ಣೆ ಬಿಡಬೇಕು?

ನಮ್ಮ ಟಿಟಿಯನ್ನು, ಅಂದರೆ ಟೆಂಪೋ ಟ್ರಾವೆಲರನ್ನು, ಮನೆ ಥರ ಕ್ಯಾಂಪರ್ ಮಾಡಿಸಿ ಮೂರು ವರ್ಷ ಆಯಿತು. ಎರಡು ಮಂಚ, ಪುಟ್ಟದೊಂದು ಅಡುಗೆ ಕಟ್ಟೆ, ಮೂಲೆಯಲ್ಲಿ ಬಾತ್‌ರೂಮ್. ಡ್ರೈವರ್ ಬಾಗಿಲು, ಅದರ ಎದುರಿನದು, ಒಳಗೆ ಹತ್ತುವ ಬಾಗಿಲು, ಹಿಂದಿನ ಎರಡು, ಹೊರಗಡೆ ಸಾಮಾನು ಡಬ್ಬಿಗಳ ಮುಚ್ಚಳ, ಒಳಗಿನ ಕಬೋರ್ಡ್‌ಗಳು, ಎಲ್ಲ ಸೇರಿ ಹದಿನಾಲ್ಕು ಬಾಗಿಲು. ಅದರಲ್ಲಿ ಒಂಬತ್ತು ಕಿರುಗುಡುತ್ತಿದ್ದವು, ಒಂದೊಂದೂ ಒಂದೊಂದು ಶ್ರುತಿಯಲ್ಲಿ. ರಾತ್ರಿ ಒಬ್ಬರು ಬಾತ್‌ರೂಮಿಗೆ ಎದ್ದರೆ ಗಾಡಿಯಲ್ಲಿ ಇದ್ದವರೆಲ್ಲ ಎದ್ದ ಹಾಗೆ. ವಿಜಯನಗರದ ನಮ್ಮ ರಸ್ತೆಯಲ್ಲಿ ನಿಲ್ಲಿಸಿದ್ದಾಗಲಂತೂ ಬಾಗಿಲು ತೆಗೆದ ಕೂಡಲೇ ಎದುರು ಮನೆ ನಾಯಿ ಶುರು ಮಾಡುತ್ತಿತ್ತು.

ಯಾರನ್ನು ಕೇಳಿದರೂ ಒಂದೊಂದು ಔಷಧಿ. ಅಮ್ಮ 'ಎರಡು ಹನಿ ಕೊಬ್ಬರಿ ಎಣ್ಣೆ ಬಿಡೋ, ಅದಕ್ಕೇನು ಅಷ್ಟು ಯೋಚನೆ' ಅಂದಳು. ಭಾವ ಗ್ರೀಸ್ ತುಂಬಿಸು ಅಂದರು. ಪಕ್ಕದ ಮನೆಯವರು ಡಬ್ಲ್ಯುಡಿ-40 ಸ್ಪ್ರೇಯ ನೀಲಿ ಡಬ್ಬಿ ತಂದು ಕೈಗೇ ಕೊಟ್ಟರು. ಗಾಡಿ ಮಾಡಿಕೊಟ್ಟ ವರ್ಕ್‌ಶಾಪಿನವರು ಮಾತ್ರ 'ಓಡ್ತಾ ಓಡ್ತಾ ಸರಿ ಹೋಗತ್ತೆ ಸಾರ್' ಅಂತ ಕಳಿಸಿದರು. ಅದು ಸರಿ ಹೋಗಲಿಲ್ಲ. ಮಿಕ್ಕ ಮೂರನ್ನೂ, ಅದರ ಜೊತೆಗೆ ಇನ್ನೂ ಐದಾರನ್ನು ನಾನೇ ಹಾಕಿ ನೋಡಿದೆ. ಯಾವುದು ಎಲ್ಲಿಗೆ ಸರಿ, ಎಲ್ಲಿ ಕೈ ಕೊಡುತ್ತದೆ ಅಂತ ಅದರಿಂದ ಗೊತ್ತಾಯಿತು.

ಆತುರ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಗಾಡಿಯೊಳಗಿನ ಸಣ್ಣ ಕೀಲುಗಳಿಗೆ ಹೊಲಿಗೆ ಮಿಷಿನ್ ಎಣ್ಣೆ. ಭಾರದ ಬಾಗಿಲುಗಳಿಗೆ ಬಿಳಿ ಲಿಥಿಯಂ ಗ್ರೀಸ್ ಸ್ಪ್ರೇ. ಹೊರಗಡೆ ಧೂಳು ತಿನ್ನುವ ಮುಚ್ಚಳಗಳಿಗೆ ಒಣ ಪಿಟಿಎಫ್‌ಇ (ನಾನ್‌ಸ್ಟಿಕ್ ತವಾದ ಲೇಪ) ಸ್ಪ್ರೇ. ರಬ್ಬರಿಗೆ ಸಿಲಿಕೋನ್. ಆದರೆ ಹಳೇ ಕೊಳೆ ತೆಗೆಯದೆ ಇದರಲ್ಲಿ ಯಾವುದನ್ನು ಹಾಕಿದರೂ ದುಡ್ಡು ದಂಡ.

ಸದ್ದು ಕೀಲಿನದೇನಾ?

ಇದನ್ನು ನೋಡದೆ ನಾನು ಎರಡು ವಾರ ಹಾಳು ಮಾಡಿದೆ. ಒಳಗೆ ಹತ್ತುವ ಬಾಗಿಲಿನ ಕೀಲಿಗೆ ಏನೇನೋ ಬಿಟ್ಟರೂ ಕಿರ್ ನಿಲ್ಲಲಿಲ್ಲ, ಯಾಕೆಂದರೆ ಸದ್ದು ಮಾಡುತ್ತಿದ್ದದ್ದು ಸುತ್ತಲಿನ ಬೀಡಿಂಗ್ ರಬ್ಬರ್. ಪತ್ತೆ ಹಚ್ಚೋದು ಸುಲಭ. ಒಬ್ಬರು ಬಾಗಿಲನ್ನು ನಿಧಾನವಾಗಿ ಆಡಿಸಲಿ, ಇನ್ನೊಬ್ಬರು ಪ್ರತಿ ಕೀಲಿನ ಮೇಲೂ ಬೆರಳಿಡಲಿ. ಸದ್ದು ಬರುವ ಕೀಲು ಬೆರಳಿಗೆ ಜುಮ್ ಅನ್ನುತ್ತದೆ. ಯಾವ ಕೀಲೂ ಜುಮ್ ಅನ್ನದಿದ್ದರೆ ರಬ್ಬರಿಗೆ ಸ್ವಲ್ಪ ಸೋಪು ನೀರು ಸವರಿ ನೋಡಿ. ಸದ್ದು ನಿಂತರೆ ಕಳ್ಳ ಅದೇ. ಇನ್ನೊಂದು ಅನುಮಾನದ ಜಾಗ ಇದೆ, ಡ್ರೈವರ್ ಬಾಗಿಲನ್ನು ಅರ್ಧಕ್ಕೆ ಹಿಡಿದು ನಿಲ್ಲಿಸುವ ಕಬ್ಬಿಣದ ಪಟ್ಟಿ. ಟಕ್ ಟಕ್ ಅಂತ ಬರುವ ಸದ್ದು ಸಾಮಾನ್ಯವಾಗಿ ಅದರದೇ.

ಕೀಲು ಕಿರ್ ಅನ್ನೋದು ಪಿಟೀಲು ಕೂಗುವ ಲೆಕ್ಕದಲ್ಲೇ. ಕಮಾನು ತಂತಿಯನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು ಬಿಡುತ್ತದೆ, ಒಂದು ಸೆಕೆಂಡಿನಲ್ಲಿ ನೂರಾರು ಸಲ. ಒಣಗಿದ ಪಿನ್ನೂ ಕೀಲಿನ ತೂತೂ ಹಾಗೇ ಹಿಡಿಯುತ್ತ ಜಾರುತ್ತ ಇರುತ್ತವೆ. ಅವೆರಡರ ಮಧ್ಯೆ ಎಣ್ಣೆಯ ಪದರ ನಿಂತರೆ ಹಿಡಿತ ತಪ್ಪುತ್ತದೆ, ಸದ್ದೂ ನಿಲ್ಲುತ್ತದೆ. ಮನೆ ಬಾಗಿಲಾದರೆ ಆ ಪದರ ವರ್ಷಗಟ್ಟಲೆ ಉಳಿಯುತ್ತದೆ, ಅದು ಸುಮ್ನೆ ನೇತಾಡಿಕೊಂಡಿರುತ್ತದಲ್ವಾ. ಗಾಡಿ ಬಾಗಿಲಿಗೆ ಆ ಸುಖ ಇಲ್ಲ. ಒಂದು ಚಕ್ರ ಹಂಪ್ ಹತ್ತಿದರೆ ಇಡೀ ಬಾಡಿ ಸ್ವಲ್ಪ ತಿರುಚಿಕೊಳ್ಳುತ್ತದೆ, ಬಾಗಿಲ ಚೌಕಟ್ಟೂ ಅದರ ಜೊತೆ ತಿರುಚಿಕೊಳ್ಳುತ್ತದೆ, ಭಾರ ಎಲ್ಲ ಒಂದು ಕೀಲಿನ ಮೇಲೆ ಬೀಳುತ್ತದೆ. ನಮ್ಮೂರಲ್ಲಿ ಹಂಪುಗಳಿಗೆ, ಗುಂಡಿಗಳಿಗೆ ಬರವೇ?

ಮೊದಲು ಕೊಳೆ

ಹಳೇ ಗ್ರೀಸಿನ ಮೇಲೆ ರಸ್ತೆ ಧೂಳು ಕೂತರೆ ಅದು ಗ್ರೀಸಾಗಿ ಉಳಿಯುವುದಿಲ್ಲ, ಕಬ್ಬಿಣ ಸವೆಸುವ ಸಾಣೆ ಆಗುತ್ತದೆ. ಅದರ ಮೇಲೆ ಹೊಸ ಎಣ್ಣೆ ಬಿಟ್ಟರೆ ಮರಳು ಇನ್ನೂ ಒಳಕ್ಕೆ ಇಳಿಯುತ್ತದೆ. ಸದ್ದೇನೋ ನಿಲ್ಲುತ್ತದೆ, ಆದರೆ ಪಿನ್ ಸವೆಯುತ್ತಾ ಹೋಗುತ್ತದೆ.

ಹಳೇ ಹಲ್ಲುಜ್ಜುವ ಬ್ರಷ್, ಹಳೇ ಬನಿಯನ್ ತುಂಡು, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್ ಇದ್ದರೆ ಸಾಕು. ಬೈಕ್ ಚೈನ್ ಕ್ಲೀನರ್ ಇದ್ದರೆ ಅದೂ ಆಗುತ್ತದೆ. ಬ್ರಷ್ ಅದ್ದಿ ಉಜ್ಜಿ, ಬಾಗಿಲು ಹತ್ತು ಸಲ ಆಡಿಸಿ, ಕೆಳಗಿಳಿಯುವ ಕಪ್ಪು ನೀರನ್ನು ಒರೆಸಿ. ಬಟ್ಟೆಗೆ ಕಪ್ಪು ಅಂಟುವುದು ನಿಲ್ಲುವವರೆಗೆ ಇದೇ ಕೆಲಸ. ಹಿಂದಿನ ಬಾಗಿಲಿನ ಒಂದು ಕೀಲಿಗೆ ನಾಲ್ಕು ಸುತ್ತು ಬೇಕಾಯಿತು ನನಗೆ. ಪಿನ್ ಹೊರಗೆ ಬರುವಂಥ ಕೀಲಾದರೆ ಬಾಗಿಲ ಕೆಳಗೆ ಇಟ್ಟಿಗೆಯೋ ಮರದ ತುಂಡೋ ಕೊಟ್ಟು, ಒಂದು ಸಲಕ್ಕೆ ಒಂದೇ ಪಿನ್ ತೆಗೆಯಿರಿ. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಬಾಗಿಲು ಪಾದದ ಮೇಲೆ ಬರುತ್ತದೆ. ಸೀಮೆಎಣ್ಣೆ, ಡೀಸೆಲ್ ಹಾಕುವಾಗ ರಬ್ಬರಿಗೆ ತಾಗದ ಹಾಗೆ ನೋಡಿಕೊಳ್ಳಿ, ಉಬ್ಬಿಕೊಳ್ಳುತ್ತದೆ.

ನೀಲಿ ಡಬ್ಬಿ

ಡಬ್ಲ್ಯುಡಿ-40 ಬಗ್ಗೆ ಜನರಲ್ಲಿ ಎರಡು ಪಕ್ಷ. ಒಂದು ಪಕ್ಷಕ್ಕೆ ಅದು ಸಂಜೀವಿನಿ, ಇನ್ನೊಂದಕ್ಕೆ ಬರೀ ಮೋಸ. ಹೆಸರಲ್ಲೇ ಉತ್ತರ ಇದೆ, ಡಬ್ಲ್ಯುಡಿ ಅಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ನೀರನ್ನು ಓಡಿಸುವುದು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೆಗೋದ ರಾಕೆಟ್ ಕೆಮಿಕಲ್ ಅನ್ನುವ ಸಣ್ಣ ಕಂಪನಿ ಲೋಹದಿಂದ ನೀರನ್ನು ಓಡಿಸುವ ದ್ರವ ಮಾಡಲು ಹೊರಟಿತು, ನಲವತ್ತನೇ ಪ್ರಯತ್ನಕ್ಕೆ ಅದು ಕೂಡಿ ಬಂತು, ಆ ನಲವತ್ತೇ ಹೆಸರಿನಲ್ಲಿ ಉಳಿಯಿತು. ಅಟ್ಲಾಸ್ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಿರಲಿ ಅಂತ ಅದನ್ನು ಬಳಸಿದರು. ಅಂದರೆ ಅದು ಹುಟ್ಟಿದ್ದು ಕೀಲಿಗೆ ಅಲ್ಲ, ನೀರಿನ ವಿರುದ್ಧ.

ಅದರಲ್ಲಿ ಜಾಸ್ತಿ ಭಾಗ ಆರಿ ಹೋಗುವ ದ್ರಾವಕ, ಎಣ್ಣೆ ಕಡಿಮೆ. ಹೊಡೆದ ಕೂಡಲೇ ತುಕ್ಕಿನೊಳಗೆ ನುಗ್ಗುತ್ತದೆ, ಕೊಳೆ ಕರಗಿಸುತ್ತದೆ, ಸದ್ದು ಮಾಯ. ದ್ರಾವಕ ಆರಿದ ಮೇಲೆ ಉಳಿಯುವ ಪದರ ತೀರ ತೆಳು. ನಾನು ಒಂಬತ್ತು ಬಾಗಿಲಿಗೂ ಹೊಡೆದು ಸಕಲೇಶಪುರಕ್ಕೆ ಹೋದೆ. ಹೋಗುವಾಗ ಮೌನ, ಬರುವಾಗ ಅರ್ಧ ಕಛೇರಿ. ನನ್ನ ಅಭಿಪ್ರಾಯದಲ್ಲಿ ಅದನ್ನು ತೊಳೆಯುವುದಕ್ಕೆ, ತುಕ್ಕು ಬಿಡಿಸುವುದಕ್ಕೆ, ಮಳೆ ನೀರು ಹೊಕ್ಕ ಕೀಲನ್ನು ಒಣಗಿಸುವುದಕ್ಕೆ ಇಟ್ಟುಕೊಳ್ಳಬೇಕು. ಆಮೇಲೆ ಒರೆಸಿ ಬೇರೆ ಏನಾದರೂ ಹಾಕಬೇಕು. ಅದೇ ಕಂಪನಿ ಲಿಥಿಯಂ ಗ್ರೀಸ್, ಸಿಲಿಕೋನ್ ಸ್ಪ್ರೇಗಳನ್ನು ಬೇರೆ ಡಬ್ಬಿಯಲ್ಲಿ ಮಾರುತ್ತದೆ, ಒಂದೇ ಎಲ್ಲಕ್ಕೂ ಆಗುವುದಾಗಿದ್ದರೆ ಮಾರುತ್ತಿದ್ದರಾ? ಇನ್ನೊಂದು ವಿಷಯ, ಪಾಲಿಕಾರ್ಬೊನೇಟ್ ಶೀಟಿನ ಕಿಟಕಿ ಹಾಕಿಸಿದ್ದರೆ ಅದರ ಮೇಲೆ ಇದು ಬೀಳಬಾರದು.

ಅಡುಗೆಮನೆಯಲ್ಲಿ ಸಿಗುವ ಎಣ್ಣೆಗಳು

ಅಮ್ಮನ ಕೊಬ್ಬರಿ ಎಣ್ಣೆ ಮಾರ್ಚ್ ತಿಂಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಗಿನ ಜಾವ 15-16 ಡಿಗ್ರಿ ಇರುತ್ತದೆ, ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಕೀಲಿನಲ್ಲೂ ಹೆಪ್ಪುಗಟ್ಟುತ್ತದೆ, ಬಾಗಿಲು ಬಿಗಿ. ಬಿಸಿಲು ಏರಿದರೆ ಕರಗಿ ಕೆಳಗೆ ಸೋರುತ್ತದೆ. ಅಡುಗೆ ಕಟ್ಟೆಯ ಹತ್ತಿರ ಇರುವೆಯೂ ಬಂತು. ಸೂರ್ಯಕಾಂತಿ ಎಣ್ಣೆಯಂತೂ ಬೇಡವೇ ಬೇಡ, ಅದು ಗಾಳಿಗೆ ಆರುತ್ತಾ ಅಂಟಾಗುತ್ತದೆ. ಬಾಣಲೆಯ ಹಿಂಬದಿಯಲ್ಲಿ ಕೂರುವ ಜಿಗುಟು ನೋಡಿದ್ದೀರಲ್ಲ, ಅದೇ.

ಹರಳೆಣ್ಣೆಯನ್ನು ಮಾತ್ರ ನಗುತ್ತಾ ತಳ್ಳಿಹಾಕಬೇಡಿ. ನಮ್ಮ ತಾತ ಗಾಡಿ ಹೂಡುವ ಮುಂಚೆ ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಅಚ್ಚಿಗೆ ಬಳಿಯುತ್ತಿದ್ದರು. ಅದೇ ಕೀಲೆಣ್ಣೆ. ಮಂದವಾದ ಎಣ್ಣೆ, ಜೊತೆಗೆ ನುಣುಪಾದ ಇದ್ದಿಲ ಪುಡಿ. ಈಗ ಡಬ್ಬಿಯಲ್ಲಿ ಗ್ರಾಫೈಟ್ ಗ್ರೀಸ್ ಅಂತ ಮಾರುವುದರ ಯೋಚನೆಯೂ ಅದೇ ದಾರಿಯದು. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್‌ಗೂ ಹರಳೆಣ್ಣೆ ಹಾಕುತ್ತಿದ್ದರು. ಊರಿಗೆ ಹೋಗುವ ದಾರಿಯಲ್ಲಿ ಬಾಗಿಲು ಕೂಗಿ, ಬೇರೇನೂ ಕೈಗೆ ಸಿಗದಿದ್ದರೆ ನಾನು ಕೊಬ್ಬರಿ ಎಣ್ಣೆಗಿಂತ ಮೊದಲು ಹರಳೆಣ್ಣೆಗೇ ಕೈ ಹಾಕುತ್ತೇನೆ. ಆದರೆ ಕಾಲ ಕಳೆದಂತೆ ಅದೂ ಅಂಟಾಗುತ್ತದೆ, ತಾತ ಪದೇ ಪದೇ ಬಳಿಯುತ್ತಿದ್ದದ್ದು ಸುಮ್ನೆ ಅಲ್ಲ.

ಸರ್ವಿಸ್ ಮಾಡಿಸಿದಾಗ ತೆಗೆದ ಕರೀ ಎಂಜಿನ್ ಆಯಿಲ್ ಬಾಟಲಿಯಲ್ಲಿ ತುಂಬಿಟ್ಟುಕೊಂಡಿರುವವರು ಇದ್ದಾರೆ. ನಾವು ಮಲಗುವ ಜಾಗಕ್ಕೆ ಅದು ಬೇಡವೇ ಬೇಡ. ಲೋಹದ ಪುಡಿ, ಮಸಿ ಎಲ್ಲ ಇರುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ.

ಮಿಷಿನ್ ಎಣ್ಣೆ

ನನ್ನ ಓಟು ಇದಕ್ಕೇ. ಚಿಕ್ಕ ಬಾಟಲಿ, ನೂರು ರೂಪಾಯಿಯೂ ಆಗುವುದಿಲ್ಲ, ಹೊಲಿಗೆ ಸಾಮಾನು ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಬಟ್ಟೆ ಹೊಲಿಯುವ ಯಂತ್ರಕ್ಕೆ ಅಂತಲೇ ಮಾಡಿದ್ದರಿಂದ ಕಲೆಯೂ ಕಡಿಮೆ. ತೆಳು ಆದ್ದರಿಂದ ಪಿನ್ ಬಿಚ್ಚದೆ ಸಂದಿಯೊಳಗೆ ತಾನೇ ಇಳಿಯುತ್ತದೆ. ಆದರೆ ಇದು ದ್ರಾವಕದ ಹಾಗೆ ಆರಿ ಹೋಗುವುದಿಲ್ಲ, ಎಣ್ಣೆಯಾಗಿಯೇ ಉಳಿಯುತ್ತದೆ.

ಮೆಡಿಕಲ್ ಶಾಪಿನಲ್ಲಿ ಒಂದು ಸಿರಿಂಜ್ ತಗೊಳ್ಳಿ. ಕೀಲಿನ ಮೇಲ್ತುದಿಗೆ ಎರಡು ಹನಿ, ಪ್ರತಿ ಗೆಣ್ಣಿನ ಸಂದಿಗೆ ಒಂದೊಂದು ಹನಿ, ಬಾಗಿಲು ಇಪ್ಪತ್ತು ಸಲ ಆಡಿಸಿ, ಕೆಳಗೆ ಇಳಿದದ್ದನ್ನು ಒರೆಸಿ. ಅಷ್ಟೇ. ಬಾತ್‌ರೂಮ್ ಬಾಗಿಲು, ಕಬೋರ್ಡ್, ಉದ್ದಕ್ಕೆ ಪಟ್ಟಿಯ ಹಾಗೆ ಇರುವ ಪಿಯಾನೋ ಹಿಂಜ್, ಇವಕ್ಕೆಲ್ಲ ಇದಕ್ಕಿಂತ ಚೆನ್ನಾಗಿರುವುದು ನನಗೆ ಸಿಕ್ಕಿಲ್ಲ. ಇದರ ಸೋಲು ಹೊರಗಡೆ. ಒಂದು ಜೋರು ಮಳೆ ಹೊಡೆದರೆ ತೊಳೆದು ಹೋಗುತ್ತದೆ. ಭಾರದ ಬಾಗಿಲಿನ ಒತ್ತಡಕ್ಕೂ ತೆಳು ಪದರ ತಡೆಯುವುದಿಲ್ಲ.

ಭಾವನ ಗ್ರೀಸ್

ಭಾವ ಹೇಳಿದ್ದು ತಪ್ಪಲ್ಲ, ಹೇಳಿದ ಜಾಗ ತಪ್ಪು. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗೆ ಹೋಗಿ ಗ್ರೀಸ್ ಅಂದರೆ ಎಪಿ-3 ಕೊಡುತ್ತಾರೆ. ಗಟ್ಟಿ ಲಿಥಿಯಂ ಗ್ರೀಸ್, ಚಕ್ರದ ಬೇರಿಂಗಿಗೆ ಬಳಸುವಂಥದ್ದು. ಪಿನ್ ಹೊರಗೆ ತೆಗೆದು, ತೊಳೆದು, ಅದಕ್ಕೆ ಬಳಿದು ವಾಪಸ್ ಕೂರಿಸುವುದಾದರೆ ಅದರ ಮುಂದೆ ಯಾವ ಸ್ಪ್ರೇಯೂ ನಿಲ್ಲದು. ಪಿನ್ ತೆಗೆಯದೆ ಕೀಲಿನ ಮೇಲೆ ಮೆತ್ತಿದರೆ ಒಂದು ಚೂರೂ ಒಳಗೆ ಹೋಗುವುದಿಲ್ಲ, ಹೊರಗೆ ಕೂತು ಧೂಳು ಹಿಡಿಯುತ್ತದೆ, ಹತ್ತುವಾಗ ಅಮ್ಮನ ಸೀರೆ ಸೆರಗಿಗೆ ಮೆತ್ತಿಕೊಳ್ಳುತ್ತದೆ. ಎರಡೂ ನಮ್ಮಲ್ಲಿ ಆಯಿತು. ಸೆರಗಿನ ಕಲೆ ಹೋಗಲಿಲ್ಲ, ಆ ಮಾತೂ ಇನ್ನೂ ನಿಂತಿಲ್ಲ.

ಪಿನ್ ಬಿಚ್ಚಲು ಆಗದ ಕೀಲಿಗೆ ಬಿಳಿ ಲಿಥಿಯಂ ಸ್ಪ್ರೇ ಒಳ್ಳೆಯದು. ಡಬ್ಬಿಯಿಂದ ಬರುವಾಗ ನೀರಿನ ಹಾಗೆ ತೆಳ್ಳಗೆ ಇರುತ್ತದೆ, ಸಂದಿಗೆ ಇಳಿಯುತ್ತದೆ, ಒಳಗಿನ ದ್ರಾವಕ ಆರಿದ ಮೇಲೆ ಗ್ರೀಸ್ ಆಗಿ ನಿಲ್ಲುತ್ತದೆ. ಮಳೆಗೂ ಬೇಗ ಜಗ್ಗುವುದಿಲ್ಲ. ಹಿಂದಿನ ಎರಡು ದೊಡ್ಡ ಬಾಗಿಲು, ಡ್ರೈವರ್ ಬಾಗಿಲನ್ನು ಅರ್ಧಕ್ಕೆ ನಿಲ್ಲಿಸುವ ಆ ಪಟ್ಟಿ, ಇವಕ್ಕೆ ನಾನು ಈಗ ಹಾಕುತ್ತಿರುವುದು ಇದನ್ನೇ. ಬೆಲೆ ಮಿಷಿನ್ ಎಣ್ಣೆಯ ಹಲವು ಪಟ್ಟು, ಆದರೆ ಒಂದು ಡಬ್ಬಿ ವರ್ಷ ಮುಗಿದರೂ ಉಳಿಯುತ್ತದೆ. ನಿಮ್ಮ ಹತ್ತಿರ ಬೈಕ್ ಚೈನ್ ಲೂಬ್ ಇದ್ದರೆ ಹೊಸದು ಕೊಳ್ಳುವ ಮೊದಲು ಅದನ್ನು ಹಾಕಿ ನೋಡಿ. ಅದೂ ಹೀಗೇ, ತೆಳ್ಳಗೆ ಹೊಕ್ಕು ಆಮೇಲೆ ಮಂದ ಆಗುತ್ತದೆ, ತಿರುಗುವ ಚೈನಿನಿಂದಲೇ ಹಾರಿ ಹೋಗದ ಹಾಗೆ ಮಾಡಿರುತ್ತಾರೆ. ಸ್ವಲ್ಪ ಅಂಟು ಜಾಸ್ತಿ, ಚೆನ್ನಾಗಿ ಒರೆಸಬೇಕು.

ಧೂಳಿನ ಜಾಗಕ್ಕೆ ಒಣ ಮದ್ದು

ಹೊರಗಡೆ, ಚಕ್ರದ ಹಿಂದೆ ಇರುವ ಸಾಮಾನು ಡಬ್ಬಿಯ ಮುಚ್ಚಳಗಳು ನನಗೆ ಜಾಸ್ತಿ ಕಾಟ ಕೊಟ್ಟವು. ತುಮಕೂರು ರಸ್ತೆಯಲ್ಲಿ ಒಂದು ಸಲ ಹೋಗಿ ಬಂದರೆ ಎಣ್ಣೆ ಹಾಕಿದ ಕೀಲು ಕೆಂಪು ಮುದ್ದೆ ಆಗಿರುತ್ತಿತ್ತು. ಅಲ್ಲಿಗೆ ಪಿಟಿಎಫ್‌ಇ ಇರುವ ಒಣ ಸ್ಪ್ರೇ ತಂದೆ. ನಾನ್‌ಸ್ಟಿಕ್ ತವಾದ ಮೇಲಿರುವ ಪದಾರ್ಥವೇ ಅದು. ದ್ರಾವಕ ಆರಿದ ಮೇಲೆ ಬಿಳಿ ಪುಡಿಯ ತೆಳು ಪದರ ಉಳಿಯುತ್ತದೆ, ಮುಟ್ಟಿದರೆ ಒಣ, ಧೂಳು ಕೂತರೂ ಅಂಟುವುದಿಲ್ಲ. ಎಣ್ಣೆಯಷ್ಟು ದಿನ ಬಾಳುವುದಿಲ್ಲ, ಭಾರಕ್ಕೂ ಅಲ್ಲ, ತುಕ್ಕನ್ನೂ ಅಷ್ಟಾಗಿ ತಡೆಯುವುದಿಲ್ಲ. ಆದರೆ ಆ ಜಾಗಕ್ಕೆ ಅದೇ ಸರಿ. ಜಾರುವ ಬಾಗಿಲು ಇರುವ ಓಮ್ನಿಯನ್ನೋ ವಿಂಗರನ್ನೋ ಕ್ಯಾಂಪರ್ ಮಾಡಿಕೊಂಡವರು ಕೆಳಗಿನ ಹಳಿಯನ್ನು ಗುಡಿಸಿ, ಒರೆಸಿ, ಇದನ್ನು ಹೊಡೆಯಲಿ. ಹಳಿ ತುಂಬ ಗ್ರೀಸ್ ಬಳಿದರೆ ಜಲ್ಲಿಪುಡಿಗೆ ಕರೆದು ಮಣೆ ಹಾಕಿದ ಹಾಗೆ.

ಗ್ರಾಫೈಟ್ ಪುಡಿ, ಅಂದರೆ ಪೆನ್ಸಿಲ್ ಕಡ್ಡಿಯಲ್ಲಿ ಇರುವ ಕಪ್ಪು ಪದಾರ್ಥದ ಪುಡಿ, ಬೀಗದ ತೂತಿಗೆ ಒಳ್ಳೆಯದು. ಅಲ್ಯುಮಿನಿಯಂ ಚೌಕಟ್ಟಿನ ಕೀಲಿಗೆ ಮಾತ್ರ ಹಾಕಬೇಡಿ, ತೇವ ಸೇರಿದರೆ ಗ್ರಾಫೈಟ್ ಅಲ್ಯುಮಿನಿಯಮ್ಮನ್ನು ತಿನ್ನಿಸುತ್ತದೆ. ಮೇಣದ ಬತ್ತಿಯನ್ನು ಮರದ ಡ್ರಾಯರಿಗೆ ಉಜ್ಜಬಹುದು, ಕೀಲಿನ ಸಂದಿಯೊಳಕ್ಕೆ ಅದು ತಾನಾಗಿ ಇಳಿಯುವುದಿಲ್ಲ.

ರಬ್ಬರಿಗೆ ಸಿಲಿಕೋನ್ ಬಿಟ್ಟು ಬೇರೆ ಬೇಡ. ಬಾಗಿಲ ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ರಬ್ಬರ್. ಪೆಟ್ರೋಲಿಯಂ ಎಣ್ಣೆ, ಗ್ರೀಸ್, ವ್ಯಾಸಲೀನ್ ಯಾವುದು ತಾಗಿದರೂ ಅದು ಉಬ್ಬಿ ಮೆತ್ತಗಾಗುತ್ತದೆ, ಆಮೇಲೆ ಮಳೆ ನೀರು ಒಳಗೆ. ಸಿಲಿಕೋನನ್ನು ನೇರ ಹೊಡೆಯದೆ ಬಟ್ಟೆಗೆ ಹಾಕಿ ಸವರಿ. ನೆಲಕ್ಕೆ ಬಿದ್ದರೆ ಜಾರುತ್ತದೆ. ಗಾಡಿಯ ಬಾಡಿ ಮೇಲೆ ಬಿದ್ದರೆ ಮುಂದೆ ಯಾವಾಗಾದರೂ ಅಲ್ಲಿ ಪೇಂಟ್ ಮಾಡಿಸುವಾಗ ಬಣ್ಣ ಹಿಡಿಯದೆ ಗುಳಿ ಗುಳಿ ಆಗುತ್ತದೆ, ಪೇಂಟರ್ ನಿಮ್ಮನ್ನು ಮನಸಾರೆ ಬೈಯುತ್ತಾನೆ. ಪ್ಲಾಸ್ಟಿಕ್ ಬುಷ್ (ಪಿನ್ ಸುತ್ತ ಕೂರುವ ಬಳೆ) ಇರುವ ಕೀಲಿಗೂ ಸಿಲಿಕೋನೇ ಸರಿ.

ಯಾವ ಸ್ಪ್ರೇ ಆದರೂ ಒಲೆ ಉರಿಯುತ್ತಿರುವಾಗ ಬೇಡ. ದ್ರಾವಕ ಬೆಂಕಿ ಹಿಡಿಯುತ್ತದೆ, ಹಲವು ಡಬ್ಬಿಗಳಲ್ಲಿ ಒಳಗಿನ ಗ್ಯಾಸೂ ಬೆಂಕಿ ಹಿಡಿಯುವಂಥದ್ದೇ, ಪಿಟಿಎಫ್‌ಇ ಬೆಂಕಿಗೆ ಬಿದ್ದರೆ ಬರುವ ಹೊಗೆಯೂ ಕೆಟ್ಟದ್ದು. ಎಲ್ಲ ಬಾಗಿಲು ತೆರೆದಿಟ್ಟು ಕೆಲಸ ಮಾಡಿ. ಡಬ್ಬಿಯ ಮೇಲೆ 50 ಡಿಗ್ರಿಗಿಂತ ಜಾಸ್ತಿ ಬಿಸಿ ಆಗಬಾರದು ಅಂತ ಬರೆದಿರುತ್ತದೆ, ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಅದನ್ನು ಸುಲಭವಾಗಿ ದಾಟುತ್ತದೆ. ಹಾಗಾಗಿ ನನ್ನ ಡಬ್ಬಿಗಳು ಮನೆಯಲ್ಲಿರುತ್ತವೆ. ಗಾಡಿಯಲ್ಲಿ ಇರುವುದು ಮಿಷಿನ್ ಎಣ್ಣೆ ಬಾಟಲಿ, ಸಿರಿಂಜ್, ಬಟ್ಟೆ.

ಎಷ್ಟು ದಿನಕ್ಕೊಮ್ಮೆ? ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು ಒಂದು ಸಲ. ಮಳೆಗಾಲ ಮುಗಿದು ದೀಪಾವಳಿ ಹೊತ್ತಿಗೆ ಇನ್ನೊಂದು ಸಲ. ಕರಾವಳಿಗೆ ಹೋಗಿ ಬಂದರೆ ಲೆಕ್ಕ ಬೇರೆ. ಮರವಂತೆಯಲ್ಲಿ ಹೆದ್ದಾರಿ ಕಡಲನ್ನು ಮುಟ್ಟಿಕೊಂಡೇ ಹೋಗುತ್ತದೆ, ಅಲ್ಲಿ ಒಂದು ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಕನ್ನಡಿ ಮೇಲೆ ಉಪ್ಪಿನ ಪದರ ಕಾಣುತ್ತದೆ. ಕೀಲಿನ ಮೇಲೂ ಅಷ್ಟೇ ಇರುತ್ತದೆ. ವಾಪಸ್ ಬಂದ ಮೇಲೆ ಸಿಹಿನೀರಲ್ಲಿ ಚೆನ್ನಾಗಿ ತೊಳೆದು, ನೀಲಿ ಡಬ್ಬಿಯಿಂದ ನೀರು ಓಡಿಸಿ, ಒರೆಸಿ, ಆಮೇಲೆ ಗ್ರೀಸ್ ಸ್ಪ್ರೇ. ಅಲ್ಯುಮಿನಿಯಂ ಬಾಗಿಲಿನ ಸ್ಕ್ರೂ ಸುತ್ತ ಬಿಳಿ ಪುಡಿ ಕಂಡರೆ ಉಪ್ಪು ಆಗಲೇ ತಿನ್ನಲು ಶುರು ಮಾಡಿದೆ ಅಂತ ಅರ್ಥ, ಸ್ಕ್ರೂ ಬಿಚ್ಚಿ ತೊಳೆಯಿರಿ. ಹೇಗೂ ಸ್ಕ್ರೂ ಡ್ರೈವರ್ ಕೈಯಲ್ಲಿ ಇರುತ್ತದೆ, ಮಿಕ್ಕ ಸ್ಕ್ರೂಗಳನ್ನೂ ಒಂದು ಸುತ್ತು ಬಿಗಿ ಮಾಡಿಬಿಡಿ.

ಇಷ್ಟೆಲ್ಲ ಆದರೂ ಕೂಗುವ ಬಾಗಿಲು ಒಂದು ಇರುತ್ತದೆ. ನಮ್ಮಲ್ಲಿ ಅದು ಡ್ರೈವರ್ ಬಾಗಿಲು. ಬಾಗಿಲು ಅರ್ಧ ತೆರೆದು, ಹಿಡಿಯ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಮೇಲೆ ಕೆಳಗೆ ಆಡಿತು ಅಂದರೆ ಪಿನ್ ಸವೆದಿದೆ, ಯಾವ ಡಬ್ಬಿಯೂ ಅದನ್ನು ತುಂಬುವುದಿಲ್ಲ. ನನ್ನದು ನೋಡಿದಾಗ ಪಿನ್ನಿನ ಒಂದು ಕಡೆ ಬೆಂಡೇಕಾಯಿ ತುದಿಯ ಹಾಗೆ ಸಣ್ಣಗಾಗಿತ್ತು. ಅಳತೆ ಹಿಡಿದುಕೊಂಡು ಪೀಣ್ಯದಲ್ಲಿ ಒಂದು ಲೇತ್ ಅಂಗಡಿಗೆ ಹೋದೆ, ಹೊಸ ಪಿನ್ ಮತ್ತು ಹಿತ್ತಾಳೆಯ ಬುಷ್ ಮಾಡಿ ಕೊಟ್ಟರು, ಕಾಯುತ್ತಾ ಎರಡು ಟೀ ಕುಡಿದೆ. ಭಾವನ ಎಪಿ-3 ಬಳಿದು ಕೂರಿಸಿದೆ. ಮೊದಲು ಭುಜ ಕೊಟ್ಟು ತಳ್ಳಬೇಕಿದ್ದ ಬಾಗಿಲು ಈಗ ಒಂದು ಕೈಯಲ್ಲಿ ಮುಚ್ಚುತ್ತದೆ.